ಅಂಚಿಗೆ ಹಿಪ್ಪುನೇರಳೆ: ಒಂದು ಗಿಟಾರಿನ ಪ್ರಕರಣ ಅಧ್ಯಯನ

ಗಿಟಾರ್ ಮಾಡಿಸುವವರು ಸಾಮಾನ್ಯವಾಗಿ ಮೇಲುಹಲಗೆಗೆ ಯಾವ ಮರ, ಹಿಂಬದಿಗೆ ಯಾವ ಮರ ಅಂತ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಅಂಚಿನ ಪಟ್ಟಿಗೆ ಏನು ಹಾಕೋಣ ಅಂದರೆ 'ನೀವೇ ಏನಾದ್ರೂ ಚೆನ್ನಾಗಿರೋದು ಹಾಕಿ' ಅಂದುಬಿಡುತ್ತಾರೆ. ಈ ಪ್ರಕರಣದಲ್ಲಿ ಆಗಿದ್ದು ಉಲ್ಟಾ. ಮುಖ್ಯ ಮರಗಳೆಲ್ಲ ಒಂದೇ ಕೂತದ್ದಕ್ಕೆ ತೀರ್ಮಾನವಾದವು. ಆರು ಮಿಲಿಮೀಟರ್ ಎತ್ತರದ ಅಂಚು ಮಾತ್ರ ನಮ್ಮನ್ನು ಒಂದು ಬೇಸಿಗೆ, ಒಂದು ಮಳೆಗಾಲ ಕಾಯಿಸಿತು.

ಮಾಡಿಸಿದವರು ಶಿಡ್ಲಘಟ್ಟ ತಾಲ್ಲೂಕಿನ ರೇಷ್ಮೆ ಬೆಳೆಗಾರರ ಮನೆಯ ಹುಡುಗ. ಕೆಲಸ ಬೆಂಗಳೂರಿನಲ್ಲಿ, ವಾರದ ಕೊನೆಗೆ ಊರಿಗೆ. ಚಿಕ್ಕಬಳ್ಳಾಪುರದ ನನ್ನ ವರ್ಕ್‌ಶಾಪ್ ಅವರ ದಾರಿಯಲ್ಲೇ ಸಿಗುತ್ತದೆ. ಓಎಂ ಅಳತೆಯ ಮಧ್ಯಮ ಗಾತ್ರದ ಗಿಟಾರ್, ಮೇಲುಹಲಗೆ ಸಿಟ್ಕಾ ಸ್ಪ್ರೂಸ್, ಹಿಂಬದಿ ಮತ್ತು ಪಕ್ಕೆಗಳು ಬೀಟೆ, ಕುತ್ತಿಗೆ ಮಹಾಗನಿ, ಬೆರಳುಹಲಗೆ ಎಬೊನಿ. ಹೊಸದೇನೂ ಇಲ್ಲದ, ಒಳ್ಳೆಯ ಜೋಡಣೆ. ಆಮೇಲೆ ಅವರು ಮೆಲ್ಲಗೆ ಕೇಳಿದರು: "ಅಣ್ಣ, ನಮ್ ತೋಟದ್ ಹಿಪ್ಪುನೇರಳೆ ಮರ ಒಂದಷ್ಟು ಕೀಳಿಸ್ತಾ ಇದೀವಿ. ಅದ್ರಲ್ಲಿ ಏನಾದ್ರೂ ಮಾಡಕ್ಕಾಗತ್ತಾ?"

ಶಿಡ್ಲಘಟ್ಟ, ಚಿಂತಾಮಣಿ, ಕೋಲಾರದ ಕಡೆ ಹಿಪ್ಪುನೇರಳೆ ಅಂದರೆ ಸೊಂಟದೆತ್ತರದ ಗಿಡಗಳ ಸಾಲು ಅಂತಲೇ ಬಹಳ ಜನ ತಿಳಿದಿರುತ್ತಾರೆ. ಬೋರ್‌ವೆಲ್ ನೀರು ಪಾತಾಳಕ್ಕಿಳಿದ ಮೇಲೆ ಮರ ಪದ್ಧತಿ ಹೆಚ್ಚಾಯಿತು. ಗಿಡಗಳ ನಡುವೆ ಎಂಟು ಹತ್ತು ಅಡಿ ಅಂತರ ಬಿಟ್ಟು, ನಾಲ್ಕೈದು ಅಡಿ ಎತ್ತರಕ್ಕೆ ಒಂದೇ ಕಾಂಡ ಬೆಳೆಸಿ, ಅದರ ತಲೆಯಿಂದ ಸೊಪ್ಪು ಕೊಯ್ಯುವ ಕ್ರಮ ಅದು. ಇವರ ತಂದೆ ಒಂದು ಭಾಗದಲ್ಲಿ ಹಳೆಯ ಮರ ತೆಗೆಸಿ ಹೊಸ ನಾಟಿಗೆ ಜಾಗ ಮಾಡುತ್ತಿದ್ದರು. ಕಾಂಡಗಳು ಗೂಡು ಬೇಯಿಸುವ ಒಲೆಗೆ ಸೌದೆಯಾಗಿ ಹೋಗುವುದಿತ್ತು. ನಾವು ಕೇಳಿದ್ದು ಆ ಸೌದೆಯಲ್ಲೇ ನೆಟ್ಟಗಿದ್ದ ಕೆಲವು ದಿಮ್ಮಿಗಳನ್ನು.

ಅಂಚುಪಟ್ಟಿ ಮಾಡುವ ಕೆಲಸ

ಗಿಟಾರಿನ ಮೇಲುಹಲಗೆ ಹೆಚ್ಚುಕಡಿಮೆ ಮೂರು ಮಿಲಿಮೀಟರ್ ದಪ್ಪ, ಪಕ್ಕೆ ಎರಡು. ಇವೆರಡೂ ಸೇರುವ ಮೂಲೆಯಲ್ಲಿ ಸುತ್ತಲೂ ಒಂದು ಮೆಟ್ಟಿಲು ಕೊರೆದು ಅದರಲ್ಲಿ ಕೂರಿಸುವ ಪಟ್ಟಿಯೇ ಬೈಂಡಿಂಗ್. ನೋಡುವವರಿಗೆ ಅಲಂಕಾರ. ಆದರೆ ಅದರ ಮೊದಲ ಕೆಲಸ ಸ್ಪ್ರೂಸಿನ ಕಡಿದ ಕೊನೆಯನ್ನು ಮುಚ್ಚುವುದು. ಮರ ತೇವ ಕುಡಿಯುವುದೂ ಬಿಡುವುದೂ ಎಳೆಯ ಕೊನೆಗಳಿಂದಲೇ ಹೆಚ್ಚು. ಅಂಚು ತೆರೆದಿದ್ದರೆ ಮಾರ್ಚ್ ಏಪ್ರಿಲ್‌ನ ಒಣಗಾಳಿಗೆ ಅಲ್ಲಿಂದಲೇ ಬಿರುಕು ಶುರುವಾಗಬಹುದು. ಎರಡನೆಯದು ಪೆಟ್ಟು. ಬಾಗಿಲ ಚೌಕಟ್ಟು, ಮೇಜಿನ ತುದಿ, ಬಸ್ಸಿನ ಸೀಟು, ಏನು ತಗುಲಿದರೂ ಮೊದಲು ಏಟು ತಿನ್ನುವುದು ಅಂಚು. ಮೆತ್ತಗಿನ ಸ್ಪ್ರೂಸ್ ಆ ಏಟು ತಡೆಯದು.

ಮೆಟ್ಟಿಲು ಕೊರೆಯುವಾಗ ಪಕ್ಕೆಯ ದಪ್ಪ ಬಹುಪಾಲು ಹೋಗಿಬಿಡುತ್ತದೆ. ಆ ಜಾಗದಲ್ಲಿ ಪೆಟ್ಟಿಗೆಯನ್ನು ಹಿಡಿದಿರುವುದು ಒಳಗೆ ಅಂಟಿಸಿದ ಹಲ್ಲುಹಲ್ಲಾದ ಒಳಪಟ್ಟಿ ಮತ್ತು ಹೊರಗೆ ಕೂರುವ ಈ ಬೈಂಡಿಂಗ್. ಹಾಗಾಗಿ 'ಬರೀ ಚಂದಕ್ಕೆ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಬೈಂಡಿಂಗಿನ ಒಳಬದಿಯಲ್ಲಿ ಕೂದಲೆಳೆಯಂಥ ಕಪ್ಪು ಬಿಳಿ ಗೆರೆಗಳು ಬರುತ್ತವೆ, ಅವು ಪರ್ಫ್ಲಿಂಗ್. ಇದಲ್ಲದೆ ಸದ್ದುಕಿಂಡಿಯ ಸುತ್ತಲಿನ ರೋಸೆಟ್, ಕುತ್ತಿಗೆಯ ಬುಡಕ್ಕೆ ಮುಚ್ಚುವ ಹೀಲ್ ಕ್ಯಾಪ್, ಪೆಟ್ಟಿಗೆಯ ಕೆಳತುದಿಯಲ್ಲಿ ಎರಡು ಪಕ್ಕೆಗಳ ನಡುವೆ ಕೂರುವ ಬೆಣೆ, ಹಿಂಬದಿಯ ನಡುಗೆರೆ. ಇವೆಲ್ಲ ಒಂದೇ ಮನೆಯವು ಅನ್ನಿಸಬೇಕು. ಅಂಚಿನ ಮರ ತೀರ್ಮಾನವಾದರೆ ಉಳಿದವು ಅದನ್ನು ಹಿಂಬಾಲಿಸುತ್ತವೆ.

ಪಟ್ಟಿಯಲ್ಲಿದ್ದ ಬೇರೆ ಮರಗಳು

ಹಿಪ್ಪುನೇರಳೆಗೆ ಕೂಡಲೇ ಹೂಂ ಅನ್ನಲಿಲ್ಲ. ನಾನು ಮೊದಲು ಹೇಳಿದ್ದು ಬೀಟೆಗೆ ಬೀಟೆಯದೇ ಅಂಚು. ಪಕ್ಕೆ ಕೊಯ್ದು ಉಳಿದ ತುಂಡಿನಲ್ಲೇ ಪಟ್ಟಿ ಸಿಗುತ್ತದೆ, ಬಿಸಿಗೆ ಸುಲಭವಾಗಿ ಬಾಗುತ್ತದೆ, ಬಣ್ಣ ಕಲೆಸುವ ತಾಪತ್ರಯ ಇಲ್ಲ. ಮೇಳ ಕಟ್ಟಿಕೊಂಡು ಊರೂರು ತಿರುಗುವವರಿಗೆ ಇದಕ್ಕಿಂತ ಬುದ್ಧಿವಂತ ಆಯ್ಕೆ ಇಲ್ಲ ಅಂತಲೇ ನನ್ನ ಅಭಿಪ್ರಾಯ. ಹುಡುಗ ನಯವಾಗಿ ಬೇಡವೆಂದರು.

ಮೇಪಲ್ ಎಲ್ಲರೂ ಹಾಕುವ ಬಿಳಿ ಮರ. ತರಿಸಿಕೊಳ್ಳಬೇಕು ಅನ್ನುವುದು ಬಿಟ್ಟರೆ ದೂರು ಹೇಳುವಂಥದ್ದೇನಿಲ್ಲ. ಅಲೆಅಲೆಯಾಗಿ ಹೊಳೆಯುವ ಮೇಪಲ್ ಆದರೆ ಪ್ರತಿ ಅಲೆಯಲ್ಲೂ ಮುರಿಯಲು ತಯಾರಾಗಿರುತ್ತದೆ, ಬಗ್ಗಿಸುವ ಬಿಸಿ ಕೊಳವೆ ಸ್ವಲ್ಪ ಹೆಚ್ಚು ಕಾದರೂ ಸುಟ್ಟ ಕಲೆ ಆಳಕ್ಕಿಳಿಯುತ್ತದೆ. ಪ್ಲಾಸ್ಟಿಕ್ಕನ್ನು ಕೀಳಾಗಿ ನೋಡುವವನಲ್ಲ ನಾನು. ಆದರೆ ಹಳೆಯ ಸೆಲ್ಯುಲಾಯ್ಡ್ ಅಂಚುಗಳು ವರ್ಷಗಳು ಕಳೆದಂತೆ ಕುಗ್ಗಿ, ಸೊಂಟದ ತಿರುವಿನಲ್ಲಿ ಪೆಟ್ಟಿಗೆ ಬಿಟ್ಟು ಎದ್ದು ನಿಂತಿರುವುದನ್ನು ರಿಪೇರಿಗೆ ಬಂದ ವಾದ್ಯಗಳಲ್ಲಿ ನೋಡಿದ್ದೇನೆ.

ಚನ್ನಪಟ್ಟಣದ ಗೊಂಬೆಗಳ ಆಲೆಮರ ನನ್ನ ಮನಸ್ಸಿನಲ್ಲಿ ಬಹಳ ದಿನದಿಂದ ಇದೆ. ಬೆಳ್ಳಗೆ, ನುಣ್ಣಗೆ, ಎಳೆ ಕಾಣದಷ್ಟು ಬಿಗಿ. ಗೊಂಬೆಗೆ ಗೇಣುದ್ದದ ತುಂಡು ಸಾಕು. ನಮಗೆ ಗಂಟಿಲ್ಲದೆ, ತಿರುಚದೆ 80 ಸೆಂಟಿಮೀಟರಿಗಿಂತ ಉದ್ದ ಬೇಕು. ಅಷ್ಟುದ್ದ ನೆಟ್ಟಗಿರುವುದು ಕೈಗೆ ಸಿಗಲಿಲ್ಲ. ಹಲಸು ವೀಣೆಗೂ ಮೃದಂಗಕ್ಕೂ ಶತಮಾನಗಳಿಂದ ಬಂದ ಮರ, ಬಣ್ಣವೂ ಚಿನ್ನದ್ದು. ಆದರೆ ವೀಣೆಯಲ್ಲಿ ಅದನ್ನು ಕೊರೆಯುತ್ತಾರೆ, ಬಗ್ಗಿಸುವುದಿಲ್ಲ. ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುವ ಮರವನ್ನು ಎರಡು ಮಿಲಿಮೀಟರಿಗೆ ಇಳಿಸಿ ಬಗ್ಗಿಸಿದರೆ ಎಲ್ಲಿ ಎದ್ದು ಬರುತ್ತದೋ ಹೇಳಲಾಗದು. ಹುಣಸೆಯ ಚೇಗು, ಅಂದರೆ ಕಾಂಡದ ಒಳಗಿನ ಗಟ್ಟಿ ಮರ, ಹೀಲ್ ಕ್ಯಾಪಿಗೆ ಸೊಗಸು, ಅಂಚಿಗೆ ಕಲ್ಲು.

ಕೆಂಪು ಅಂಚು ಬೇಕೆನ್ನುವ ಆಸೆಗೆ ಯಾರೋ ಸ್ನೇಹಿತರು ರಕ್ತಚಂದನದ ಹೆಸರೆತ್ತಿದ್ದರಂತೆ. ಜಪಾನಿನ ಶಾಮಿಸೆನ್ ವಾದ್ಯದ ಕುತ್ತಿಗೆಗೆ ಅದು ಬೆಲೆಬಾಳುವ ಮರ ಅನ್ನುವುದು ನಿಜ. ನಮಗೆ ಶೇಷಾಚಲದ ಬೆಟ್ಟಗಳು ದೂರವಿಲ್ಲ, ಕಳ್ಳಸಾಗಣೆಯ ಸುದ್ದಿಯೂ ದೂರವಿಲ್ಲ. ಕಾಗದಪತ್ರ ಇಲ್ಲದ ಒಂದು ಚೂರೂ ನನ್ನ ಬೆಂಚಿನ ಮೇಲೆ ಬೇಡ ಅಂದೆ. ಮಾತು ಅಲ್ಲಿಗೆ ಮುಗಿಯಿತು.

ಬೀಟೆಯ ವಿಷಯದಲ್ಲೂ ಇದೇ ಎಚ್ಚರ. ಹುಡುಗನಿಗೆ ಮುಂದೆ ವಿದೇಶಕ್ಕೆ ಹೋಗುವ ಯೋಚನೆ ಇದ್ದುದರಿಂದ ಇದನ್ನು ವಿವರವಾಗಿ ಮಾತಾಡಿದೆವು. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್ ರೋಸ್‌ವುಡ್ ಬಿಟ್ಟು ಭಾರತದ ಬೀಟೆಗೆ ಬಂದ ಮೇಲೆ ನಮ್ಮ ಮರ ಗಿಟಾರ್ ಲೋಕದ ಮಾಮೂಲಿ ಮರವಾಯಿತು. ಬ್ರೆಜಿಲ್‌ನದು 1992ರಲ್ಲಿ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ) ಒಪ್ಪಂದದ ಮೊದಲನೆಯ, ಅತಿ ಬಿಗಿಯಾದ ಪಟ್ಟಿಗೆ ಸೇರಿತು. ಬೀಟೆಯೂ ಸೇರಿ ಡಾಲ್ಬರ್ಜಿಯಾ ಕುಲದ ಉಳಿದ ಮರಗಳೆಲ್ಲ 2017ರ ಜನವರಿ 2ರಿಂದ, ಗಡಿ ದಾಟಿಸಲು ಪರವಾನಗಿ ಬೇಕಾದ ಎರಡನೆಯ ಪಟ್ಟಿಯಲ್ಲಿವೆ. ಬೀಟೆಯಿಂದ ಮಾಡಿ ಮುಗಿಸಿದ ವಾದ್ಯಗಳಿಗೆ 2019ರ ನವೆಂಬರ್‌ನಿಂದ ವಿನಾಯಿತಿ ಸಿಕ್ಕಿತು. ಆದರೂ ಮರ ಕೊಂಡ ಡಿಪೋದ ಬಿಲ್ಲಿನ ಪ್ರತಿಯನ್ನು ನಾನು ಪ್ರತಿ ಗಿಟಾರಿನ ಜೊತೆಗೆ ಕೊಡುತ್ತೇನೆ. ಹಿಪ್ಪುನೇರಳೆಗೆ ಈ ಯಾವ ರಗಳೆಯೂ ಇಲ್ಲ.

ಹಿಪ್ಪುನೇರಳೆಯ ಪರ ನಿಂತ ಸಂಗತಿಗಳು

ರೇಷ್ಮೆ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಇದು ಸೊಪ್ಪಿನ ಗಿಡ. ಇರಾನಿನವರಿಗೆ ಇದು ವಾದ್ಯದ ಮರ. ಅವರ ತಾರ್ ವಾದ್ಯದ ಬುರುಡೆ ಕೊರೆಯುವುದು ಹಿಪ್ಪುನೇರಳೆಯಲ್ಲಿ, ಅಫ್ಘಾನಿಸ್ತಾನದ ರಬಾಬ್ ಕೂಡ ಅದರಲ್ಲೇ. ಜಪಾನಿನ ಸತ್ಸುಮಾ ಬಿವಾಕ್ಕೂ ಇದೇ ಮರ. ಇನ್ನು ಬಾಗುವ ಗುಣಕ್ಕೆ ಸಾಕ್ಷಿ ಬೇಕಿದ್ದರೆ ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ದೇಶದ ಮರದ ಹಾಕಿ ಸ್ಟಿಕ್ಕುಗಳು ಹಿಪ್ಪುನೇರಳೆಯವು. ತುದಿಯಲ್ಲಿ ಅಷ್ಟು ಬಗ್ಗಿಸಿಕೊಂಡು, ಮೇಲೆ ಅಷ್ಟು ಹೊಡೆತ ತಿಂದು ಉಳಿಯುವ ಮರಕ್ಕೆ ಗಿಟಾರಿನ ಸೊಂಟ ದೊಡ್ಡ ತಿರುವೇನಲ್ಲ ಅನ್ನುವುದು ನನ್ನ ಊಹೆಯಾಗಿತ್ತು.

ವಿರುದ್ಧ ನಿಂತವೂ ಇದ್ದವು. ತೋಟದ ಮರದ ತಲೆ ಸೊಪ್ಪು ಕೊಯ್ದು ಕೊಯ್ದು ಗಂಟುಗಂಟಾಗಿ ಊದಿಕೊಂಡಿರುತ್ತದೆ, ಅದು ನಮಗೆ ಪ್ರಯೋಜನವಿಲ್ಲ. ಬುಡದ ಕಡೆ ಬೇರಿನ ತಿರುಚು. ನಡುವೆ ಉಳಿಯುವ ಮೂರು ಮೂರೂವರೆ ಅಡಿಯಲ್ಲಿ ನಮ್ಮ ಪಟ್ಟಿ ಹೊರಡಬೇಕು. ಹೊರಗಿನ ಬಿಳಿ ಮರಕ್ಕೆ ಕುಟ್ಟೆ ಹುಳ ಬೀಳುತ್ತದೆ, ಅದನ್ನು ಪೂರ್ತಿ ತೆಗೆದು ಚೇಗು ಮಾತ್ರ ಇಟ್ಟುಕೊಳ್ಳಬೇಕು. ದಿಮ್ಮಿಯ ಗಾತ್ರ ನೋಡಿದ ಸಾ ಮಿಲ್ಲಿನ ಮೇಸ್ತ್ರಿ "ಇದುನ್ನ ಕುಯ್ಯಕ್ಕಾ ಇಲ್ಲಿಗಂಟ ತಂದ್ರಿ?" ಅಂದರು. ಬೇಡಿಕೊಂಡು ಏಳು ಮಿಲಿಮೀಟರ್ ದಪ್ಪದ ಹಲಗೆಗಳನ್ನಾಗಿ ಕೊಯ್ಸಿದೆವು. ಕೊಯ್ದ ಕೊನೆಗಳಿಗೆ ಮೇಣ ಸವರಿ, ನಡುವೆ ರೀಪು ಕೊಟ್ಟು, ನೆರಳಲ್ಲಿ ಅಟ್ಟಿ ಹಾಕಿದೆವು.

ಬಿಸಿಲಿಗಿಟ್ಟ ತುಂಡುಗಳು

ಈ ಪ್ರಕರಣದ ತಿರುಳು ಇಲ್ಲಿದೆ. ಹಿಪ್ಪುನೇರಳೆಯ ಚೇಗು ಹೊಸದಾಗಿ ಕೊಯ್ದಾಗ ಅರಿಶಿನದ ಬಣ್ಣ. ಬೆಳಕಿಗೆ ಬಿದ್ದಂತೆ ಅದು ಜೇನುಬಣ್ಣಕ್ಕೆ, ಅಲ್ಲಿಂದ ಕಂದಿಗೆ ತಿರುಗುತ್ತದೆ. ಹುಡುಗ ಮನಸೋತದ್ದು ಅರಿಶಿನಕ್ಕೆ. ಅವರು ಮುಂದಿನ ಮೂವತ್ತು ವರ್ಷ ನೋಡುವುದು ಕಂದು ಬಣ್ಣವನ್ನು.

ಒಂದೇ ಹಲಗೆಯಿಂದ ತುಂಡುಗಳನ್ನು ಕತ್ತರಿಸಿ, ಕೆಲವಕ್ಕೆ ಅರಗಿನ ಪಾಲೀಶು ಹಚ್ಚಿ, ಕೆಲವನ್ನು ಹಾಗೇ ಬಿಟ್ಟು, ಎಲ್ಲದರ ಅರ್ಧ ಭಾಗಕ್ಕೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿ ತಾರಸಿಯ ಮೇಲೆ ಇಟ್ಟೆ. ಪಕ್ಕದಲ್ಲಿ ಬೀಟೆ, ಸ್ಪ್ರೂಸ್ ತುಂಡುಗಳೂ ಇದ್ದವು. ಏಪ್ರಿಲ್ ಬಿಸಿಲು ಮನೆಯೊಳಗಿನ ವರ್ಷಗಳ ಬೆಳಕಿಗೆ ಸರಿಯಾದ ಅಳತೆ ಅಲ್ಲ. ಆದರೆ ಯಾವ ಮರ ಯಾವ ಕಡೆಗೆ ಹೊರಟಿದೆ ಅನ್ನುವುದನ್ನು ಖಂಡಿತ ತೋರಿಸುತ್ತದೆ. ಹಾಳೆ ಬಿಚ್ಚಿದಾಗ ಹಿಪ್ಪುನೇರಳೆಯ ಎರಡು ಅರ್ಧಗಳೂ ಎರಡು ಬೇರೆ ಮರಗಳಂತಿದ್ದವು. ಸ್ಪ್ರೂಸ್ ಸ್ವಲ್ಪ ಹಳದಿಗೆ ತಿರುಗಿತ್ತು. ಬೀಟೆಯ ನೇರಳೆ ಛಾಯೆ ಇಳಿದು ಕಂದು ಮುಂದೆ ಬಂದಿತ್ತು.

ಇದರ ಅರ್ಥ ಹೀಗೆ. ಗಿಟಾರನ್ನು ಮುಂದಿನಿಂದ ನೋಡಿದರೆ ಅಂಚಿನ ಪಕ್ಕ ಇರುವುದು ತಿಳಿಬಣ್ಣದ ಸ್ಪ್ರೂಸ್. ಇವತ್ತು ಹಳದಿ ಪಟ್ಟಿ ಅದರಲ್ಲಿ ಕರಗಿಹೋಗುತ್ತದೆ, ಹತ್ತು ವರ್ಷದ ಮೇಲೆ ಎದ್ದು ಕಾಣುತ್ತದೆ. ಪಕ್ಕದಿಂದ ನೋಡಿದರೆ ಅಂಚಿನ ಕೆಳಗಿರುವುದು ಬೀಟೆ. ಇವತ್ತು ಹಳದಿ ಪಟ್ಟಿ ಅಲ್ಲಿ ಝಗ್ಗನೆ ಕಾಣುತ್ತದೆ, ಹತ್ತು ವರ್ಷದ ಮೇಲೆ ಕಂದಿನ ಪಕ್ಕ ಕಂದು ಕೂತು ಮಂಕಾಗುತ್ತದೆ. ಅಂದರೆ ಒಂದೇ ಪಟ್ಟಿ ಎರಡು ಕಡೆಯಲ್ಲಿ ಎರಡು ದಿಕ್ಕಿಗೆ ಬದಲಾಗುತ್ತದೆ. ಮರದ ಬಣ್ಣವನ್ನು ಹಿಡಿದಿಡಲು ಆಗುವುದಿಲ್ಲ. ಪಾಲೀಶು ತಡಮಾಡಿಸಬಹುದು ಅಷ್ಟೆ. ಆದ್ದರಿಂದ ಗಡಿ ಕಾಯುವ ಕೆಲಸವನ್ನು ಪಟ್ಟಿಯ ಬಣ್ಣಕ್ಕೆ ಬಿಡದೆ ಪರ್ಫ್ಲಿಂಗ್ ಗೆರೆಗಳಿಗೆ ಕೊಟ್ಟೆವು. ಸ್ಪ್ರೂಸ್ ಕಡೆ ಕಪ್ಪು, ಬಿಳಿ, ಕಪ್ಪು ಮೂರು ಗೆರೆ. ಇವತ್ತು ಅವು ಇಲ್ಲದಿದ್ದರೆ ಮುಂದಿನಿಂದ ಅಂಚೇ ಕಾಣುತ್ತಿರಲಿಲ್ಲ. ಬೀಟೆಯ ಕಡೆ ಪಟ್ಟಿಯ ಅಡಿಗೆ ಅರ್ಧ ಮಿಲಿಮೀಟರಿನ ಒಂದೇ ಮೇಪಲ್ ಗೆರೆ. ಇವತ್ತು ಅದು ಹಳದಿಯ ಪಕ್ಕ ಗಮನಕ್ಕೇ ಬರುವುದಿಲ್ಲ, ಯಾಕೆ ಹಾಕಿದಿರಿ ಅಂತ ಕೇಳುವಷ್ಟು. ಪಟ್ಟಿ ಕಂದಾದ ದಿನ ಅದೇ ಕೆಲಸಕ್ಕೆ ಬರುತ್ತದೆ.

ರೋಸೆಟ್ಟಿಗೂ ಹಿಪ್ಪುನೇರಳೆ ಬೇಕು ಅಂತ ಹುಡುಗ ಕೇಳಿದರು. ಸುತ್ತಲೂ ಸ್ಪ್ರೂಸ್ ಇರುವ ಜಾಗದಲ್ಲಿ ಹಳದಿ ಬಳೆ ಕೂರಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಅಲ್ಲಿ ಬೀಟೆಯ ಬಳೆ ಹಾಕಿ, ಅದರ ಎರಡು ಬದಿಗೆ ಹಿಪ್ಪುನೇರಳೆಯ ಸಣ್ಣ ಗೆರೆ ಕೊಟ್ಟೆ. ತಂತಿ ಕೂರುವ ಬ್ರಿಡ್ಜಿಗೂ ಬೆರಳುಹಲಗೆಗೂ ಹಿಪ್ಪುನೇರಳೆಯ ಪ್ರಶ್ನೆಯೇ ಬರಲಿಲ್ಲ, ಆ ತೇಯುವಿಕೆಗೆ ಎಬೊನಿಯೇ ಸರಿ. ಹೀಲ್ ಕ್ಯಾಪ್, ಕೆಳತುದಿಯ ಬೆಣೆ, ಹಿಂಬದಿಯ ನಡುಗೆರೆ ಮೂರೂ ಹಿಪ್ಪುನೇರಳೆ. ತಲೆಹಲಗೆಯ ಮುಖ ಬೀಟೆ.

ಬಗ್ಗಿಸುವಾಗ

ಮರ ಒಣಗಿದ ಮೇಲೆ ಪಟ್ಟಿ ಸೀಳುವುದರಲ್ಲೇ ಅರ್ಧ ಸೋಲುಗೆಲುವು. ಹಿಪ್ಪುನೇರಳೆಯಲ್ಲಿ ಬೆಳವಣಿಗೆಯ ಸುತ್ತಿನುದ್ದಕ್ಕೂ ದೊಡ್ಡ ರಂಧ್ರಗಳ ಸಾಲು ಇರುತ್ತದೆ, ಅದರ ಪಕ್ಕದಲ್ಲಿ ಗಟ್ಟಿ ಭಾಗ. ರಂಧ್ರದ ಸಾಲು ಪಟ್ಟಿಯ ಉದ್ದಕ್ಕೆ ಓಡಿದರೆ ಪಟ್ಟಿ ಬೆತ್ತದ ಹಾಗೆ ಬಾಗುತ್ತದೆ. ಓರೆಯಾಗಿ ಅಡ್ಡ ದಾಟಿದರೆ ಅದೇ ಜಾಗದಲ್ಲಿ ಟಪ್ ಅನ್ನುತ್ತದೆ. ಹಾಗಾಗಿ ಹಲಗೆಯ ಒಂದು ಅಂಚನ್ನು ಗರಗಸದಿಂದ ಕೊಯ್ಯದೆ ಉಳಿಯಿಟ್ಟು ಸೀಳಿದೆ. ಮರ ತಾನಾಗಿ ಬಿಟ್ಟ ದಾರಿಯೇ ಎಳೆಯ ನಿಜವಾದ ದಾರಿ. ಆ ಸೀಳಿಗೆ ಸಮಾನಾಂತರವಾಗಿ ಪಟ್ಟಿಗಳನ್ನು ಕೊಯ್ದು, ರಂದದಲ್ಲಿ ಎರಡು ಮಿಲಿಮೀಟರಿಗೆ ತಂದೆ. ಇದರಿಂದ ಬಹಳ ಮರ ಪೋಲಾಯಿತು. ಸೌದೆ ರಾಶಿಯಿಂದ ಬಂದ ಮರವಾದ್ದರಿಂದ ಕೈ ಹಿಡಿಯಲಿಲ್ಲ.

ಬಗ್ಗಿಸುವ ಕೊಳವೆಯ ಮೇಲೆ ನೀರಿನ ಹನಿ ಉಂಡೆಯಾಗಿ ಕುಣಿದು ಹೋಗುವಷ್ಟು ಕಾವು ಇರಬೇಕು. ಪಟ್ಟಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹಿಂದೆ ತೆಳುವಾದ ಸ್ಟೀಲ್ ತಗಡು ಇಟ್ಟು ಒತ್ತಿದೆ. ತಗಡು ಹೊರಮೈಯ ಎಳೆಗಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಮುರಿತ ಶುರುವಾಗುವುದೇ ಅಲ್ಲಿಂದ. ಸೊಂಟದ ತಿರುವಿನಿಂದ ಶುರು ಮಾಡಿ ಆಮೇಲೆ ಮೇಲಿನ ಕೆಳಗಿನ ಹೊಟ್ಟೆಗಳಿಗೆ ಹೋದೆ. ಗರಗಸದಲ್ಲಿ ಕೊಯ್ದು ಪರೀಕ್ಷೆಗೆ ಇಟ್ಟಿದ್ದ ಪಟ್ಟಿಗಳು ಸೊಂಟದಲ್ಲಿ ಒಂದಾದ ಮೇಲೊಂದು ಮುರಿದವು. ಸೀಳಿದವು ಬಾಗಿದವು. ಹಾಕಿ ಸ್ಟಿಕ್ಕಿನ ಸಾಕ್ಷಿ ಸುಳ್ಳಾಗಲಿಲ್ಲ, ಆದರೆ ಎಳೆ ಹಿಡಿದು ಕೊಯ್ದ ಮರಕ್ಕೆ ಮಾತ್ರ ಅದು ಸಾಕ್ಷಿ.

ಅಂಟಿಸುವಾಗ ಸುತ್ತಲೂ ಬಿಗಿಯಲು ಸೈಕಲ್ ಟ್ಯೂಬಿನ ಪಟ್ಟಿಗಳನ್ನು ಬಳಸುತ್ತೇನೆ. ಗಟ್ಟಿ ಅಂಟಿನ ಟೇಪ್ ಎಳೆದರೆ ಸ್ಪ್ರೂಸಿನ ಎಳೆಗಳೂ ಜೊತೆಗೆ ಕಿತ್ತು ಬರುತ್ತವೆ. ಇಲ್ಲಿ ವಿಶೇಷ ಏನೂ ಆಗಲಿಲ್ಲ.

ಬೀಟೆಯ ಬಣ್ಣ

ತೊಂದರೆ ಬಂದದ್ದು ಪಾಲೀಶಿನ ಹೊತ್ತಿಗೆ, ಬರುತ್ತದೆ ಅಂತ ಗೊತ್ತೂ ಇತ್ತು. ಬೀಟೆಗೆ ಸ್ಪಿರಿಟ್ ತಾಕಿದ ಕೂಡಲೇ ನೇರಳೆಗಂದು ಬಣ್ಣ ಬಿಡುತ್ತದೆ. ಬಟ್ಟೆಯ ಉಂಡೆಯಲ್ಲಿ ಅರಗು ಉಜ್ಜುತ್ತಾ ಹೋದರೆ ಆ ಬಣ್ಣ ನೇರ ತಿಳಿ ಅಂಚಿನ ಮೇಲೆ ಬಂದು ಕೂರುತ್ತದೆ. ಮೇಪಲ್ ಆದರೆ ರಂಧ್ರಗಳು ಸಣ್ಣವು, ಮೇಲ್ಮೈ ಕೆರೆದು ತೆಗೆಯಬಹುದು. ಹಿಪ್ಪುನೇರಳೆಯ ದೊಡ್ಡ ರಂಧ್ರಕ್ಕೆ ಬೀಟೆಯ ಧೂಳು ಒಮ್ಮೆ ಹೊಕ್ಕರೆ ಸೂಜಿಯಿಟ್ಟು ತೆಗೆಯಲೂ ಆಗದು, ಅಂಚಿನುದ್ದಕ್ಕೂ ಕಪ್ಪು ಚುಕ್ಕೆ. ಈ ಮರವನ್ನು ಬೀಟೆಯ ಜೊತೆಗೆ ಯಾರಿಗಾದರೂ ಸೂಚಿಸಲು ನಾನು ಹಿಂದೇಟು ಹಾಕುವುದಾದರೆ ಕಾರಣ ಇದೊಂದೇ.

ಪಟ್ಟಿಯನ್ನು ಪಕ್ಕೆಯ ಮಟ್ಟಕ್ಕೆ ತರುವಾಗ ಉಪ್ಪುಕಾಗದ ಮುಟ್ಟಲೇ ಇಲ್ಲ. ಉಪ್ಪುಕಾಗದ ಧೂಳು ಮಾಡುತ್ತದೆ, ಕೆರೆಯುವ ತಗಡು ಸಿಪ್ಪೆ ತೆಗೆಯುತ್ತದೆ. ಪೂರ್ತಿ ಕೆರೆದೇ ಮಟ್ಟ ಮಾಡಿದೆ, ಅದೂ ಅಂಚಿನಿಂದ ಬೀಟೆಯ ಕಡೆಗೆ, ವಾಪಸ್ ಎಳೆಯದೆ. ಬ್ರಷ್ಷಿನಿಂದ ಗುಡಿಸಿ, ಗಾಳಿ ಹೊಡೆದು ಧೂಳು ಹಾರಿಸಿ, ಸಣ್ಣ ಕುಂಚದಲ್ಲಿ ಮೇಣ ತೆಗೆದ ತಿಳಿ ಅರಗನ್ನು ಅಂಚಿಗೆ ಮಾತ್ರ ಹಚ್ಚಿದೆ, ಪದರದ ಮೇಲೆ ಪದರ, ರಂಧ್ರಗಳ ಬಾಯಿ ಮುಚ್ಚುವವರೆಗೆ. ಬೀಟೆಯ ರಂಧ್ರ ತುಂಬಲು ಸಾಮಾನ್ಯವಾಗಿ ಕಪ್ಪು ಬಣ್ಣದ ಫಿಲ್ಲರ್ ಹಾಕುತ್ತಾರೆ, ಇಲ್ಲಿ ಬಣ್ಣವಿಲ್ಲದ ಎಪಾಕ್ಸಿ ಬಳಸಿದೆ. ಅದರಲ್ಲಿ ಸ್ಪಿರಿಟ್ ಇಲ್ಲ, ಬೀಟೆಯ ಬಣ್ಣ ಹೊರಗೆಳೆಯುವುದಿಲ್ಲ, ಎರಡು ಮರಗಳ ರಂಧ್ರವನ್ನೂ ಒಟ್ಟಿಗೆ ಮುಚ್ಚುತ್ತದೆ. ಅದರ ಮೇಲೆ ಅರಗಿನ ಪಾಲೀಶು ನಿರಾತಂಕವಾಗಿ ಕೂತಿತು. ಕೆಳತುದಿಯ ಬೆಣೆಯ ಒಂದು ಮೂಲೆಯಲ್ಲಿ ಸ್ವಲ್ಪ ಕಂದು ಇಳಿದಿದೆ. ತೋರಿಸದಿದ್ದರೆ ಕಾಣುವುದಿಲ್ಲ, ಗಿರಾಕಿಗೆ ತೋರಿಸಿದ್ದೇನೆ.

ಲೆಕ್ಕ

ಗಿಟಾರ್ ತೆಗೆದುಕೊಂಡು ಹೋಗಲು ತಂದೆ ಮಗ ಇಬ್ಬರೂ ಬಂದರು. ಮಗ ನುಡಿಸಿ ನೋಡುತ್ತಿದ್ದರೆ ತಂದೆ ಬಿಲ್ಲು ಓದುತ್ತಿದ್ದರು. "ಮರ ನಮ್ದೇ ಅಲ್ವೇನಪ್ಪ, ಅಂಚಿಗೇ ಇಷ್ಟೊಂದು ಹಾಕಿದ್ದೀಯ?"

ನ್ಯಾಯವಾದ ಪ್ರಶ್ನೆ. "ಯಜಮಾನ್ರೆ, ಮರಕ್ಕೆ ಒಂದು ಪೈಸೆನೂ ಹಾಕಿಲ್ಲ. ಸೀಳೋ ಕೂಲಿ, ಕೆರೆಯೋ ಕೂಲಿ ಅದು," ಅಂದು ಮುರಿದ ಪಟ್ಟಿಗಳ ಕಟ್ಟನ್ನು ತೋರಿಸಿದೆ. ತಯಾರಾದ ಮೇಪಲ್ ಪಟ್ಟಿ ತರಿಸಿ ಅಂಟಿಸಿದ್ದರೆ ಗಿರಾಕಿಗೆ ಇದಕ್ಕಿಂತ ಕಡಿಮೆಗೆ ಮುಗಿಯುತ್ತಿತ್ತು. ಇದನ್ನು ಮೊದಲ ದಿನವೇ ಮಗನಿಗೆ ಹೇಳಿದ್ದೆ, ತಂದೆಗೆ ಅವರು ಹೇಳಿರಲಿಲ್ಲ. ತಂದೆ ಕಟ್ಟಿನಿಂದ ಒಂದು ತುಂಡು ತೆಗೆದು, ಬಗ್ಗಿಸಿ ನೋಡಿ, ಅದು ಮುರಿದಾಗ ಮಗನ ಮುಖ ನೋಡಿ ನಕ್ಕು ದುಡ್ಡು ಎಣಿಸಿದರು. ಫೆಬ್ರವರಿಯಿಂದ ಮಳೆ ಬೀಳುವವರೆಗೆ ಗಿಟಾರನ್ನು ಪೆಟ್ಟಿಗೆಯಲ್ಲೇ ಇಡಿ, ಒಳಗೆ ಡಬ್ಬಿಯಲ್ಲಿ ಒದ್ದೆ ಸ್ಪಾಂಜ್ ಇರಲಿ, ವರ್ಷಕ್ಕೊಮ್ಮೆ ಸೊಂಟದ ತಿರುವಿನಲ್ಲಿ ಅಂಚು ಎದ್ದಿದೆಯಾ ಅಂತ ಉಗುರಿನಿಂದ ಸವರಿ ನೋಡಿ ಅಂತ ಹೇಳಿ ಕಳಿಸಿದೆ.

ಉಳಿದ ಹಲಗೆಗಳನ್ನು ನನಗೇ ಬಿಟ್ಟುಹೋಗಿದ್ದಾರೆ. ಮುಂದಿನ ಬಾರಿ ಇವನ್ನು ಬೀಟೆಯ ಜೊತೆಗೆ ಹಾಕುವುದಿಲ್ಲ. ಮಹಾಗನಿಯ ಪಕ್ಕೆ ಇರುವ, ಭುಜದ ಬಳಿ ಒಳಗೆ ಬಾಗಿದ ಕೊರೆತ (ಕಟ್‌ಅವೇ) ಇಲ್ಲದ ಗಿಟಾರಿಗೆ ಎತ್ತಿಟ್ಟಿದ್ದೇನೆ. ಮಹಾಗನಿ ಬೀಟೆಯಷ್ಟು ಬಣ್ಣ ಬಿಡುವುದಿಲ್ಲ, ಪಾಲೀಶಿನ ಹೊತ್ತಿನ ಅರ್ಧ ಕೆಲಸ ಅಲ್ಲೇ ಉಳಿಯುತ್ತದೆ.